ಗುಳಿಗೆ ಕೆಲಸ ಮಾಡಲಿಲ್ಲ

ತಲೆನೋವು ಹೇಗಿದೆ ಎಂದು ಡಾಕ್ಟರ್ ಮುಗ್ಧಾ ಕೇಳಿದಾಗಲೆಲ್ಲ ಬಸವಪ್ರಸಾದ "ಭಾಳ ಆರಾಮ ಐತ್ರಿ" ಅನ್ನುತ್ತಿದ್ದ. ಅಪ್ಪಟ ಸುಳ್ಳು. ಖಾನಾಪುರದಲ್ಲಿ ಅರ್ಧ ತಲೆ ಹಿಡಿದುಕೊಂಡೇ ಬಸ್ ಹತ್ತಿ, ಪೀರನವಾಡಿ ದಾಟುವಾಗ ಬಿಸಿಲಿನ ಝಳಕ್ಕೆ ಕಣ್ಣು ಮುಚ್ಚಿ, ಬೆಳಗಾವಿಯ ಆಸ್ಪತ್ರೆಯ ನಳದಲ್ಲಿ ಮುಖ ತೊಳೆದು, ನಗು ತಂದುಕೊಂಡು ಒಳಗೆ ಹೋಗುತ್ತಿದ್ದ ಮಹಾರಾಯ ಆತ. ಹಂಚಿನ ಭಟ್ಟಿ ನಡೆಸುವವನಿಗೆ ಇಷ್ಟು ನಾಟಕ ಯಾರು ಕಲಿಸಿದರೋ ಏನೋ.

ಕ್ಯಾನ್ಸರ್ ಚಿಕಿತ್ಸೆ ಪಡೆಯುತ್ತಿರುವ ಕೆಲವರಿಗೆ ಮೈಗ್ರೇನ್ ಕೂಡ ಕಾಡುತ್ತದೆ. ಅವರಿಗೆ ಸಿಕ್ಕ ಸಿಕ್ಕ ಗುಳಿಗೆ ಕೊಡಲು ಬರುವುದಿಲ್ಲ. ಅಂಥವರಿಗಾಗಿ ಮುಗ್ಧಾ ಒಂದು ಹೊಸ ಗುಳಿಗೆಯ ಸಂಶೋಧನೆ ನಡೆಸಿದ್ದಳು. ಮೊದಲು ಬರೀ ಮೈಗ್ರೇನ್ ಇದ್ದ ಬಸವಪ್ರಸಾದನಂಥವರಿಗೆ ಕೊಟ್ಟು ನೋಡುವುದು, ಗುಣ ಕಾಣದವರನ್ನು ಸ್ಟಡಿಯಿಂದ ಬಿಟ್ಟು ಬೇರೆ ಡಾಕ್ಟರ ಹತ್ತಿರ ಕಳಿಸುವುದು. ಅಂದರೆ, ನೋವು ಹೋಗಿಲ್ಲ ಎಂದು ಬಾಯಿ ಬಿಟ್ಟರೆ ಮುಗ್ಧಾಳ ಮುಖ ಮತ್ತೆ ಕಾಣುವುದಿಲ್ಲ. ಬಸವಪ್ರಸಾದನಿಗೆ ತಲೆನೋವಿಗಿಂತ ಇದೇ ದೊಡ್ಡ ನೋವಾಗಿತ್ತು.

ಆ ಮುಖವಾದರೂ ಎಂಥದ್ದು. ಪ್ರಶ್ನೆ ಕೇಳಿ, ಪೆನ್ನಿನ ತುದಿ ಗಲ್ಲಕ್ಕೊತ್ತಿ, ಉತ್ತರ ಬರುವವರೆಗೆ ಓರೆಗಣ್ಣಲ್ಲಿ ನೋಡುವಳು. ಬೆಳಗಾವಿಯ ಶಹಾಪುರದ ಮರಾಠಿ ಮನೆಯ ಹುಡುಗಿ, "ಖರೇ?" ಎಂದು ಎಳೆದು ಕೇಳಿದಳೆಂದರೆ ಈತನಿಗೆ ತನ್ನ ಹೆಸರೇ ಮರೆಯಬೇಕು. ಒಮ್ಮೆ, ನೀವು ಹಂಚು ಸುಡುತ್ತೀರೋ ಬಿಸಿಲಲ್ಲಿ ನೀವೇ ಸುಟ್ಟುಕೊಳ್ಳುತ್ತೀರೋ ಎಂದು ಚಾಷ್ಟಿ ಮಾಡಿದ್ದಳು. ಅದನ್ನು ನೆನೆಸಿಕೊಂಡು ವಾರವೆಲ್ಲ ಒಬ್ಬನೇ ನಕ್ಕಿದ್ದ.

ಒಂದು ದಿನ ಅವಳ ಕೋಣೆಯ ಹೊರಗಿನ ಬೆಂಚಿನ ಮೇಲೆ ಹಲಸಿ ಊರಿನ ಗೌರವ್ವ ಕೂತಿದ್ದಳು. ಕೀಮೋಗೆ ಕೂದಲು ಉದುರಿ, ಸೆರಗು ಬಿಗಿಯಾಗಿ ಹೊದ್ದಿದ್ದಳು. ಹಣೆಯ ಒಂದೇ ಬದಿಯನ್ನು ಅಂಗೈಯಿಂದ ಒತ್ತಿ ಹಿಡಿದಿದ್ದಳು. ಅದು ಎಂಥ ನೋವೆಂದು ಬಸವಪ್ರಸಾದನಿಗೆ ಯಾರೂ ಹೇಳಬೇಕಿರಲಿಲ್ಲ. ಈತ ಹೊಸ ಗುಳಿಗೆ ತಗೊಳ್ಳುತ್ತಿದ್ದಾನೆ ಎಂದು ಗೊತ್ತಾಗಿ ಆಕೆ ಹತ್ತಿರ ಸರಿದಳು.

"ನಿಮಗೆಲ್ಲಾ ಆರಾಮ ಆದ್ರ ನನಗೂ ಅದನ್ನ ಕೊಡತಾರಂತ. ಖರೇ ಕಡಿಮಿ ಆಗೇತೇನೋ ತಮ್ಮಾ?"

ಮುಗ್ಧಾಳ ಮುಂದೆ ಸರಾಗವಾಗಿ ಹೊರಡುತ್ತಿದ್ದ ಸುಳ್ಳು ಈ ತಾಯಿಯ ಮುಂದೆ ಬಸವಪ್ರಸಾದನ ಬಾಯಿಗೆ ಬರಲಿಲ್ಲ.

"ಇಲ್ಲಬೇ ಯವ್ವಾ. ನನಗ ಒಂದೀಟೂ ಆಗಿಲ್ಲ."

ಅದನ್ನೇ ಒಳಗೆ ಹೋಗಿ ಮುಗ್ಧಾಳಿಗೂ ಹೇಳಿದ. ಅವಳ ಮುಖ ಕೆಂಪೇರಿತು. ಇಷ್ಟು ದಿನ ಸುಳ್ಳು ಯಾಕೆ ಹೇಳಿದ್ದು ಎಂದು ಕೇಳಿದಳು.

"ಖರೇ ಹೇಳಿದ್ರ ನೀವು ನೋಡಾಕ ಸಿಗತಿದ್ದಿಲ್ಲರೀ," ಅಂದ ತಲೆ ತಗ್ಗಿಸಿ.

ಅವಳು ಪೆನ್ನು ಕೆಳಗಿಟ್ಟಳು. ಆಮೇಲೆ, ನಿಮ್ಮ ಮಾತು ನಂಬಿ ಗೌರವ್ವನಿಗೆ ಗುಳಿಗೆ ಕೊಟ್ಟಿದ್ದರೆ ಯಾರು ಹೊಣೆ ಎಂದು ಚೆನ್ನಾಗಿ ಝಾಡಿಸಿದಳು. ಆತನನ್ನು ಸ್ಟಡಿಯಿಂದ ತೆಗೆದು, ಬೇರೆ ಡಾಕ್ಟರ ಹೆಸರು ಬರೆದುಕೊಟ್ಟಳು. ಆತ ಹೊರಡುವಾಗ ಮುಖವೆತ್ತಿ ನೋಡಲೂ ಇಲ್ಲ. ಬಸ್ಸಿನಲ್ಲಿ ಕಿಟಕಿಗೆ ಆತು ಕೂತವನಿಗೆ ತಲೆ ನೋಯುತ್ತಿದೆಯೋ ಎದೆ ನೋಯುತ್ತಿದೆಯೋ ತಿಳಿಯಲಿಲ್ಲ.

ಬೇರೆ ಡಾಕ್ಟರ ಔಷಧಿ ಹತ್ತಿತು. ತಲೆನೋವು ಇಳಿಯಿತು, ಮುಗ್ಧಾ ಮಾತ್ರ ತಲೆಯಿಂದ ಇಳಿಯಲಿಲ್ಲ.

ದೀಪಾವಳಿ ಮುಗಿದ ಒಂದು ಭಾನುವಾರ ಭಟ್ಟಿಯ ಮುಂದೆ ಸ್ಕೂಟಿ ನಿಂತಿತು. ಹೆಲ್ಮೆಟ್ ತೆಗೆದರೆ ಮುಗ್ಧಾ. ಗೌರವ್ವನಿಗೆ ಬೇರೆ ಔಷಧಿ ಹೊಂದಿಕೊಂಡು ಈಗ ಚೆನ್ನಾಗಿ ನಿದ್ದೆ ಬರುತ್ತಿದೆ ಎಂದಳು. ಸಂಶೋಧನೆ ಇನ್ನೂ ನಡೆದಿದೆ, ಗುಳಿಗೆ ಬದಲಿಸಿ ನೋಡುತ್ತಿದ್ದೇವೆ ಎಂದಳು. ಹಂಚಿನ ರಾಶಿ ನೋಡಿದಳು, ಆಕಾಶ ನೋಡಿದಳು. ಇಷ್ಟು ಹೇಳಲು ಯಾರೂ ಬೆಳಗಾವಿಯಿಂದ ಇಲ್ಲಿಗೆ ಬರುವುದಿಲ್ಲ ಎಂದು ಬಸವಪ್ರಸಾದನಿಗೂ ಗೊತ್ತಾಯಿತು.

"ನೀವು ಈಗ ನನ್ನ ಪೇಶಂಟ್ ಅಲ್ಲ," ಅಂದಳು ಕೊನೆಗೆ. "ಅದಕ್ಕ ಬಂದೇನಿ. ನನ್ನದೂ ಒಂದು ತಪ್ಪೈತಿ."

"ನಿಮ್ಮದೇನ್ರೀ ತಪ್ಪು?"

"ಬಾಕಿ ಎಲ್ಲಾರನ್ನೂ ಫೋನಿನ್ಯಾಗ ಕೇಳತಿದ್ದೆ. ಅಷ್ಟ ಸಾಕಿತ್ತು." ಅವಳ ಕಿವಿ ಕೆಂಪಾಯಿತು. "ನಿಮ್ಮನ್ನೊಬ್ಬರನ್ನ ವಾರಾ ವಾರಾ ಕರಸೀನಿ."

ಬಸವಪ್ರಸಾದನಿಗೆ ಇದು ಒಳಗಿಳಿಯಲು ತುಸು ಹೊತ್ತು ಹಿಡಿಯಿತು. ಇಳಿದ ಮೇಲೆ ನಗು ತಡೆಯಲಾಗಲಿಲ್ಲ. ಅವಳೂ ನಕ್ಕಳು. ಆತನ ಕೈತುಂಬ ಕೆಂಪು ಮಣ್ಣಿತ್ತು, ಒರೆಸಿಕೊಳ್ಳಲು ಬಟ್ಟೆ ಹುಡುಕತೊಡಗಿದ. ಮುಗ್ಧಾ ಅಲ್ಲಿಯವರೆಗೆ ಕಾಯದೆ ಆ ಕೈಯನ್ನು ಹಾಗೇ ಹಿಡಿದುಕೊಂಡಳು.