ಎಡಗಡೆ ಫೋರ್ಕಿನ ಸ್ಕ್ರೂ

ಬೈಕ್ ತಳ್ಳಿಕೊಂಡು ಗ್ಯಾರೇಜಿನ ಬಾಗಿಲಲ್ಲಿ ನಿಂತವನನ್ನು ಕಂಡು, ಚೈನ್ ತೊಳೆಯುತ್ತಿದ್ದ ಅವಳ ಕೈ ಹಾಗೆಯೇ ನಿಂತಿತು.

ಎಂಟು ತಿಂಗಳು... ಎಂಟು ತಿಂಗಳ ನಂತರ ಕೊರಿಯರ್ ಹುಡುಗ ಬಂದಿದ್ದಾನೆ. ಎಡಗಾಲನ್ನು ಸ್ವಲ್ಪ ಎಳೆದು ಹಾಕುತ್ತಿದ್ದಾನೆ.

ಎದೆ ಹೊಡೆದುಕೊಳ್ಳಬೇಕಿತ್ತು. ಕಣ್ಣಾದರೂ ತುಂಬಬೇಕಿತ್ತು. ಏನೂ ಆಗಲಿಲ್ಲ. ಪಾರ್ಸೆಲ್ ಹಂಚುವ ಇವನು ವಾರಕ್ಕೆ ಮೂರು ಸಲ ಏನೋ ಒಂದು ರಿಪೇರಿ ಹೇಳಿಕೊಂಡು ಬರುತ್ತಿದ್ದ ದಿನಗಳು ಯಾರೋ ಬೇರೆಯವರ ಕಥೆಯಂತೆ ನೆನಪಾದವು.

"ಏನ್ ಮೆಕ್ಯಾನಿಕ್ ಮೇಡಂ, ಚೆನ್ನಾಗಿದ್ದೀರಾ?"

"ಹ್ಞೂಂ. ಏನಾಗಿದೆ ಬೈಕಿಗೆ?"

"ಫೋರ್ಕ್ ಆಯಿಲ್ ಬದಲಾಯಿಸ್ಬೇಕು."

ಮುಂದಿನ ಚಕ್ರವನ್ನು ಎರಡೂ ಕಡೆ ಹಿಡಿದಿರುವ ಕೊಳವೆಗಳೇ ಫೋರ್ಕ್; ಕಳೆದ ಸಲ ಇದೇ ಬೈಕಿನ ಫೋರ್ಕ್ ಆಯಿಲ್ ಬದಲಾಯಿಸಿದ್ದು ಅವಳೇ. ಮರುದಿನ ಬೆಳಗ್ಗೆ ಎಡಗಡೆ ಫೋರ್ಕಿನ ಕೆಳಗೆ ಆಯಿಲ್ ಇಳಿಸುವ ಸ್ಕ್ರೂ ಸಡಿಲವಾಗಿ, ಆಯಿಲ್ ಬ್ರೇಕ್ ಡಿಸ್ಕಿನ ಮೇಲೆ ಸೋರಿ, ಬ್ರೇಕ್ ಹಿಡಿಯದೆ ಅವನು ತಿರುವಿನಲ್ಲಿ ಬಿದ್ದ. ಕಾಲು ಎರಡು ಕಡೆ ಮುರಿಯಿತು. ಅವಳು ಆಸ್ಪತ್ರೆಗೆ ಓಡಿದರೆ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟ. ಆಮೇಲೆ ಫೋನೂ ಎತ್ತಲಿಲ್ಲ.

'ನಾನು ಸ್ಕ್ರೂ ಬಿಗಿ ಮಾಡಿರಲಿಲ್ಲ. ಅದು ಅವನಿಗೆ ಗೊತ್ತು...'

ಅಂದಿನಿಂದ ಅವಳಿಗೆ ಊಟದ ರುಚಿ ತಿಳಿಯುತ್ತಿರಲಿಲ್ಲ. ನಗು ಬರುತ್ತಿರಲಿಲ್ಲ, ಅಳುವೂ ಬರುತ್ತಿರಲಿಲ್ಲ. ಏರ್ ಫಿಲ್ಟರ್, ಪ್ಲಗ್, ಚೈನ್ ಎಲ್ಲ ಮಾಡುತ್ತಿದ್ದಳು. ಫೋರ್ಕ್ ಕೆಲಸ ಬಂದರೆ ಮಾತ್ರ ಅಪ್ಪನ ಕಡೆ ತಳ್ಳುತ್ತಿದ್ದಳು.

"ಅಪ್ಪ ಮಾಡ್ತಾರೆ," ಎಂದಳು.

ಮೂಲೆಯಲ್ಲಿ ಪಂಕ್ಚರ್ ಹಾಕುತ್ತಿದ್ದ ಅಪ್ಪ ಎದ್ದು ನಿಂತರು. "ಅಪ್ಪನಿಗಿರೋದು ಎರಡೇ ಕೈ ಪುಟ್ಟಿ. ಈ ಟ್ಯೂಬ್ ಕೊಟ್ಟು ಬರ್ತೀನಿ, ನೀನೇ ಮಾಡು."

ಹೊರಟೇಬಿಟ್ಟರು. ಎಲ್ಲ ಗೊತ್ತಿದ್ದೂ ಏನೂ ಗೊತ್ತಿಲ್ಲದವರಂತೆ ಇರುವುದರಲ್ಲಿ ಅವರದು ಎತ್ತಿದ ಕೈ.

ಅವಳು ಇಂಜಿನ್ ಕೆಳಗೆ ಜಾಕ್ ಕೊಟ್ಟು ಮುಂದಿನ ಚಕ್ರ ಎತ್ತಿದಳು. ಫೋರ್ಕಿನ ಮೇಲಿನ ಮುಚ್ಚಳ ಬಿಚ್ಚಿದಳು. ಕೆಳಗಿನ ಸ್ಕ್ರೂ ಬಿಚ್ಚಿದೊಡನೆ ಬಲಗಡೆಯ ಹಳೇ ಆಯಿಲ್ ಕಪ್ಪಗೆ, ಗಬ್ಬು ವಾಸನೆಯೊಡನೆ ಟ್ರೇಗೆ ಇಳಿಯಿತು. ಸ್ಕ್ರೂ ಬಿಗಿ ಮಾಡಿ, ಹೊಸದನ್ನು ಅಳತೆ ಲೋಟದಲ್ಲಿ ಅಳೆದು ಸುರಿದಳು.

ಎಡಗಡೆಗೆ ಬಂದಾಗ ಸ್ಕ್ರೂಡ್ರೈವರ್ ಮುಂದಕ್ಕೆ ಹೋಗಲಿಲ್ಲ.

"ನನ್ನ ಕೈಲಾಗಲ್ಲ. ಬೇರೆ ಕಡೆ ತಗೊಂಡ್ಹೋಗಿ. ನಿಮ್ಮ ಕಾಲು ಮುರಿದವಳ ಹತ್ರಾನೇ ಯಾಕೆ ಬಂದ್ರಿ?" ದನಿಯಲ್ಲಿ ಸಿಟ್ಟಿರಲಿಲ್ಲ, ನೋವೂ ಇರಲಿಲ್ಲ.

ಅವನು ಅವಳೆದುರು ಸ್ಟೂಲ್ ಎಳೆದುಕೊಂಡು ಕುಳಿತ.

"ಮೊನ್ನೆ ಪೇಟೇಲಿ ಪಾರ್ಸೆಲ್ ಕೊಡೋವಾಗ ನಿಮ್ಮಪ್ಪ ಸಿಕ್ಕಿ ಅಂದ್ರು, ನೀವು ಫೋರ್ಕ್ ಮುಟ್ಟೋದೇ ಬಿಟ್ಟಿದ್ದೀರಿ ಅಂತ. ಅದಕ್ಕೇ ಬಂದೆ. ನೀವೇನೂ ಮರೆತಿರಲಿಲ್ಲ ರೀ. ಬಿಗಿ ಮಾಡಿದ ಮೇಲೆ ಹಳದಿ ನೇಲ್ ಪಾಲಿಶ್ ಚುಕ್ಕೆ ಇಡ್ತೀರಲ್ಲ, ಅದೂ ಇತ್ತು. ಅದನ್ನ ಕೆರೆದು ಸ್ಕ್ರೂ ಸಡಿಲ ಮಾಡಿದ್ದು ನಾನು."

"ಯಾಕೆ?"

"ಬ್ರೇಕು, ಕ್ಲಚ್ಚು, ಚೈನು... ಎಲ್ಲಾ ನೆಪ ಮುಗಿದಿತ್ತು. ನೀವು ಇಷ್ಟು ಚೆನ್ನಾಗಿ ರಿಪೇರಿ ಮಾಡಿಬಿಟ್ರೆ ಮತ್ತೆ ಏನಂತ ಬರ್ಲಿ? ಸ್ವಲ್ಪ ಸೋರಿದ್ರೆ ಬೆಳಗ್ಗೆ ತಂದು ತೋರಿಸ್ಬಹುದು ಅಂದ್ಕೊಂಡೆ. ಬ್ರೇಕ್ ಮೇಲೆ ಬೀಳುತ್ತೆ ಅಂತ ಹೊಳೀಲೇ ಇಲ್ಲ. ಆಸ್ಪತ್ರೇಲಿ ನಿಮ್ಮ ಮುಖ ನೋಡೋಕೆ ನಾಚಿಕೆ ಆಯ್ತು. ನೀವು ನಿಮ್ಮನ್ನೇ ಬೈಯ್ಕೊಂಡು ಕೂತಿದ್ದೀರಿ ಅಂತ ಗೊತ್ತಿದ್ದಿದ್ರೆ ತೆವಳ್ಕೊಂಡಾದ್ರೂ ಬರ್ತಿದ್ದೆ..."

ಅವಳು ತನ್ನ ಕೈಗಳನ್ನೇ ನೋಡಿಕೊಂಡಳು. ಇವು ತಪ್ಪು ಮಾಡಿರಲಿಲ್ಲ. ಎಂಟು ತಿಂಗಳು ಇವನ್ನು ನಂಬದೆ ಬದುಕಿದ್ದಳು.

ಮೊದಲು ಬಂದದ್ದು ಸಿಟ್ಟು. ಎಣ್ಣೆ ಬಟ್ಟೆಯನ್ನು ಅವನ ಮುಖಕ್ಕೇ ಎಸೆದಳು.

"ಸತ್ತೋಗಿದ್ರೆ?"

ದನಿ ಒಡೆಯಿತು. ಆಮೇಲೆ ಅಳು ಬಂತು, ಬಿಕ್ಕಿ ಬಿಕ್ಕಿ. ಅವನು ಮುಖಕ್ಕಂಟಿದ ಎಣ್ಣೆಯನ್ನು ಒರೆಸಿಕೊಳ್ಳಲೂ ಇಲ್ಲ.

"ಬೈಯ್ರಿ. ಇನ್ನೂ ಬೈಯ್ರಿ."

"ಬಾಯಿ ಇರ್ಲಿಲ್ವಾ ನಿಮ್ಗೆ? ಬೈಕ್ ಬಿಚ್ಚೋ ಬದಲು ಒಂದು ಮಾತು ಹೇಳೋಕೆ?"

"ಹೆದರಿಕೆ ಇತ್ತು. ಈಗ್ಲೂ ಇದೆ. ಆದ್ರೂ ಹೇಳ್ತೀನಿ. ನೀವಂದ್ರೆ ನಂಗೆ ಪ್ರಾಣ. ಬೇಡ ಅಂದ್ರೆ ಮತ್ತೆ ಈ ಕಡೆ ತಲೆ ಹಾಕಲ್ಲ."

ಅವಳು ತೋಳಿಗೆ ಕಣ್ಣೊರೆಸಿಕೊಂಡು ಎಡಗಡೆಯ ಸ್ಕ್ರೂ ಬಿಚ್ಚಿದಳು. ಆಯಿಲ್ ಪೂರ್ತಿ ಟ್ರೇಗೆ ಇಳಿಯಿತು. ಒಳಗೆ ಮರಗಟ್ಟಿದ್ದೆಲ್ಲ ಒಂದೇ ಸಲ ಕರಗಲಿಲ್ಲ. ಆದರೆ ಇವನು ಎದ್ದು ಹೋದರೆ ನೋವಾಗುತ್ತದೆ ಎಂಬುದು ಅವಳಿಗೆ ಸ್ಪಷ್ಟವಾಗಿ ತಿಳಿಯಿತು. ಸ್ಕ್ರೂ ಬಿಗಿ ಮಾಡಿ, ಅಳೆದು ಸುರಿದು, ಮುಚ್ಚಳ ಹಾಕಿದಳು.

"ನಾಳೆ ಬರ್ತೀರಾ?"

"ಬೈಕಿಗೆ ಇನ್ನೇನಾದ್ರೂ ಕೆಲ್ಸ ಇದ್ಯಾ?"

"ಬೈಕ್ ಮನೇಲೇ ಬಿಟ್ಟು ಬನ್ನಿ."

ಅವನು ಸ್ಟೂಲಿನಿಂದ ಎದ್ದ. "ಯಾಕ್ ಬಂದೆ ಅಂತ ನಿಮ್ಮಪ್ಪ ಕೇಳಿದ್ರೆ?"

"ನನ್ನನ್ನ ನೋಡೋಕೆ ಅನ್ನಿ."