ಕುಂಡದ ಅಂಚಿನ ಬಳೆಗುರುತು

“ಒಂದೇ ಒಂದ್ ಬಳೆ ಕೊಡೆ ಪ್ರೇಮಾ... ನೀಲಾಗೆ ಮಾತ್ರ ಏಳ್ಬೇಡ!”

ಹಿತ್ತಿಲಿಗೆ ಬಂದ ನೀಲಾಂಬಿಕೆ ನಿಂತಲ್ಲೇ ನಿಂತುಬಿಟ್ಟಳು. ಕೊಟ್ಟಿಗೆಯೊಳಗೆ ಅವಳ ಗಂಡ ಷಡಕ್ಷರಿ ಕೈಚಾಚಿದ್ದ. ಅವನ ಸೋದರತ್ತೆಯ ಮಗಳು ಪ್ರೇಮಕುಮಾರಿ ನಗುನಗುತ್ತಾ ಹಸಿರು ಗಾಜಿನ ಬಳೆ ಕಳಚಿ ಕೊಡುತ್ತಿದ್ದಳು.

ಮದುವೆಯಾಗಿ ಮೂರು ತಿಂಗಳು. ನನ್ನ ಹತ್ತಿರ ನಾಲ್ಕು ಮಾತಾಡಲು ನಾಚುವ ಮಹರಾಯ, ಇವಳ ಬಳೆ ಕೇಳುತ್ತಾನೆ!

ಹೊಟ್ಟೆ ಉರಿಯದೆ ಇನ್ನೇನಾದೀತು, ಪಾಪ! ಪ್ರೇಮ ಶಾಂತಿಗ್ರಾಮದಿಂದ ಬಂದ ದಿನವೇ ಪಕ್ಕದ ಮನೆಯ ಬಸವಲಿಂಗಮ್ಮ ಕಿವಿಯಲ್ಲಿ ಊದಿದ್ದರು: “ವರಸೇಲಿ ಹೆಣ್ಣು ಕಣವ್ವಾ. ಷಡಕ್ಷರಿಗೇ ಅಂತ ಇತ್ತು.”

ಹೊಳೆನರಸೀಪುರದ ಆ ಮನೆಯಲ್ಲೊಂದು ಪದ್ಧತಿ. ಹೊಸ ಸೊಸೆ ಬಂದ ವರ್ಷ ಮನೆಮಂದಿಯೆಲ್ಲ ಸೇರಿ ಕೆರೆಮಣ್ಣು ತುಳಿದು ಹೂವಿನ ಕುಂಡ ಮಾಡಿ, ಆರಿಸಿ ಸುಡಬೇಕು. ಸೊಸೆಯ ಕುಂಡದ ಅಂಚಿಗೆ ಮಾತ್ರ ಬಳೆಗುರುತು. ಅದರಲ್ಲಿ ಅವಳ ತವರಿನ ಮಲ್ಲಿಗೆ ಬೇರೂರಬೇಕು. ಕುಂಡ ಬಿರುಕು ಬಿಟ್ಟರೆ ಸೊಸೆ ಮನೆಯಲ್ಲಿ ನಿಲ್ಲುವುದಿಲ್ಲವೆಂದು ಅತ್ತೆ ಸುವರ್ಣಮ್ಮ ನಂಬಿದ್ದರು.

ನೀಲಾಂಬಿಕೆ ಇಣುಕಿದಳು. ಪ್ರೇಮ ಆಗಲೇ ಆಚೆ ಬಾಗಿಲಿಂದ ಹೊರಟುಹೋಗಿದ್ದಳು. ಷಡಕ್ಷರಿ ಒಂದು ಹಸಿ ಕುಂಡದ ಅಂಚಿಗೆ ಆ ಹಸಿರು ಬಳೆಯನ್ನೇ ಒತ್ತುತ್ತಿದ್ದ!

ಸೊಸೆಯ ಗುರುತು... ಅವಳಿಗಾ?

ಒಂದೇ ಉಸಿರಿಗೆ ಒಳನುಗ್ಗಿ ಎರಡೂ ಕೈಯಿಂದ ಕುಂಡವನ್ನು ಹಿಸುಕಿಬಿಟ್ಟಳು.

“ಅಯ್ಯೋ! ಏನ್ ಮಾಡ್ಬುಟ್ಟೆ ನೀಲಾ?”

“ಅವ್ಳ ಬಳೆಗುರುತು ಈ ಮನೇಲಿ ಕೂತ್ಮೇಲೆ ನಾನ್ಯಾಕ್ರೀ? ಮಧ್ಯಾಹ್ನದ ಬಸ್ಸಿಗೆ ಕೊಣನೂರಿನ ತವರಿಗೆ ಓಯ್ತೀನಿ!”

ಷಡಕ್ಷರಿ ಮೂಲೆಯ ಗೋಣಿತಾಟು ಸರಿಸಿದ. ಅಲ್ಲಿ ಅವಳ ಕುಂಡವಿತ್ತು... ಬಾಯಿಂದ ಬುಡದವರೆಗೂ ಬಿರುಕು!

“ಬೇಗ ಒಣಗ್ಲಿ ಅಂತ ನೀನು ನಿನ್ನೆ ಬಿಸಿಲಿಗೆ ಇಟ್ಟಿದ್ದೆ ಅಲ್ವಾ? ಹಸಿ ಕುಂಡ ನೆರಳಲ್ಲೇ ಆರ್ಬೇಕು ಕಣೆ. ಅವ್ವ ನೋಡೋಕ್ ಮುಂಚೆ ಅಂತದ್ದೇ ಇನ್ನೊಂದು ಮಾಡಿ ಇಟ್ಬುಡಾನ ಅಂತಿದ್ದೆ.”

ನೀಲಾಂಬಿಕೆ ಬಿರುಕನ್ನು ಬೆರಳಿಂದ ಸವರಿದಳು.

“ನನ್ ಬಳೇನೇ ಕೇಳ್ಬೋದಿತ್ತಲ್ಲ...”

“ಕೇಳಿದ್ರೆ ನಿಂಗೂ ಗೊತ್ತಾಗ್ತಿತ್ತು. ನೀನು ಅಳ್ತಿದ್ದೆ. ಅದನ್ನ ನೋಡೋಕಾಗಲ್ಲ ನನ್ಗೆ.”

ನಾಚಿಕೆಯಿಂದ ಅವಳ ತಲೆ ತಗ್ಗಿತು. ಆದರೂ ಒಳಗಿನ ಮುಳ್ಳು ಸುಮ್ಮನಿರಬೇಕಲ್ಲ!

“ಪ್ರೇಮನ್ನ ನಿಮ್ಗೇ ಅಂತ ಇಟ್ಟಿದ್ರಂತೆ?”

“ದೊಡ್ಡೋರು ಅಂದ್ಕೊಂಡಿದ್ರು. ಕೊಣನೂರಲ್ಲಿ ನಿನ್ನ ನೋಡ್ದ ದಿನವೇ ನಾನು ಅವ್ವಂಗೆ ಅಂದೆ, ಮದ್ವೆ ಆದ್ರೆ ಈ ಹುಡುಗೀನೇ ಅಂತ.”

“ನನ್ಗೆ ಮಾತ್ರ ಒಂದಿನಾನೂ ಏಳ್ಲಿಲ್ಲ!”

“ಬಾಯೇ ಬರ್ಲಿಲ್ಲ ಕಣೆ... ನೀನಂದ್ರೆ ನನ್ಗೆ ಪ್ರಾಣ.”

ಅಷ್ಟರಲ್ಲಿ ಪಡಸಾಲೆಯಿಂದ ಸುವರ್ಣಮ್ಮನ ದನಿ ಬಂತು. “ನೀಲಾ, ನಿನ್ ಕುಂಡ ಆರ್ತೇನವ್ವಾ?”

ನೀಲಾಂಬಿಕೆ ಬಿರುಕು ಬಿಟ್ಟ ಕುಂಡದ ಮೇಲೆ ಗೋಣಿತಾಟು ಎಳೆದಳು.

“ಇನ್ನೂ ಹಸಿ ಐತೆ ಕಣವ್ವಾ!” ಎಂದು ಷಡಕ್ಷರಿಯೇ ಕೂಗಿದ. ಅದೇನೂ ಸುಳ್ಳಲ್ಲವಲ್ಲ!

ನೀಲಾಂಬಿಕೆ ಸೆರಗು ಸಿಕ್ಕಿಸಿ ಕುಳಿತಳು. ಹಿಸುಕಿದ ಮಣ್ಣನ್ನು ಇಬ್ಬರೂ ಮತ್ತೆ ನಾದಿದರು. ಬೋರಲು ಹಾಕಿದ ಬಕೀಟಿನ ಮೇಲೆ ಮೆತ್ತಿ, ನೀರು ಹಚ್ಚಿ ಸವರಿದರು. ಮೆಲ್ಲಗೆ ಬಿಡಿಸಿ ತಿರುಗಿಸಿಟ್ಟಾಗ ಕುಂಡ ನಿಂತಿತು. ಷಡಕ್ಷರಿಯ ಕೈ ಮರೆವಿನಲ್ಲಿ ಹಸಿರು ಬಳೆಯತ್ತ ಹೋಯಿತು.

“ಮುಟ್ಟಿದ್ರೆ ನೋಡಿ ಮತ್ತೆ! ಮೊದ್ಲು ಅದನ್ನ ಅವ್ಳಿಗೆ ಕೊಟ್ಟು ಬನ್ನಿ.”

“ಮತ್ತೆ ಅಂಚಿಗೆ?”

ಬಳೆ ತುಂಬಿದ ಕೆಸರುಗೈಯನ್ನು ಅವಳು ಅವನ ಮುಂದೆ ಚಾಚಿದಳು.

“ನಾನು ಬಳೆ ಕಳಚಲ್ಲ. ಕೈ ಹಿಡ್ಕೊಂಡೇ ಒತ್ತಿ.”

“ಬಿಡ್ದಂಗೆ?”

“ಬಿಟ್ರೆ ಕೊಣನೂರಿನ ಬಸ್ಸು ಇನ್ನೂ ಓಗಿಲ್ಲ!”

ಅವನು ಕೈ ಹಿಡಿದ. ಬಿಡಲಿಲ್ಲ.