ಒಂಬತ್ತು ವರ್ಷ ತಡವಾಗಿ ಹತ್ತಿದ ಶಿಖರ

ಕಿರ್ಗಿಸ್ತಾನದ ಕರಾಕೋಲ್‌ನ ಟ್ರೆಕ್ಕಿಂಗ್ ಆಫೀಸಿನವರು ಕೊಟ್ಟ ಚೀಟಿಯಲ್ಲಿ ಇದ್ದದ್ದು ಇಷ್ಟೇ: ಕೋಶ್‌ಕೋಲ್ ಶಿಖರ, ಒಂದು ದಿನ, ಹೆಂಗಸು ಒಬ್ಬರೇ. ಹೆಸರಿರಲಿಲ್ಲ. ಯಾರೋ ಜರ್ಮನಿಯವಳಿರಬೇಕು ಎಂದುಕೊಂಡ ಗೈಡ್ ಎರ್ಮೆಕ್, ಬೆಳಿಗ್ಗೆ ಆರಕ್ಕೇ ಮರದ ಸೇತುವೆಯ ಬಳಿ ನಿಂತು ತನಗೆ ಬರುತ್ತಿದ್ದ ನಾಲ್ಕು ಜರ್ಮನ್ ಮಾತುಗಳನ್ನು ಬಾಯಿಪಾಠ ಮಾಡುತ್ತಿದ್ದ.

ವ್ಯಾನಿನಿಂದ ಇಳಿದವಳು ಐಪೆರಿ.

ಜರ್ಮನ್ ಹಾಳಾಗಲಿ, ಅವನಿಗೆ ತಾಯ್ನುಡಿ ಕಿರ್ಗಿಜ್ ಕೂಡ ಮರೆತುಹೋಯಿತು.

"ಏನು ಎರ್ಮೆಕ್ ಅಣ್ಣ, ದೆವ್ವ ಕಂಡೋರ ಹಾಗೆ ನಿಂತ್ಬಿಟ್ರಿ?"

ಅಣ್ಣ! ಒಂದು ಕಾಲದಲ್ಲಿ ಇದೇ ಬಾಯಿ ಅವನನ್ನು ಪ್ರೀತಿಯಿಂದ ಕತ್ತೆ ಎಂದು ಕರೆಯುತ್ತಿತ್ತು.

"ಆಫೀಸಿನೋರು ಏನೋ ತಪ್ಪು ಮಾಡಿದಾರೆ. ಬೇರೆ ಗೈಡ್ ಕಳಿಸೋಕೆ ಹೇಳ್ತೀನಿ," ಎಂದ.

"ತಪ್ಪೇನಿಲ್ಲ. ನೀವೇ ಬೇಕು ಅಂತ ಕೇಳಿದ್ದು ನಾನೇ, ಹೆಸರು ಬರೀಬೇಡಿ ಅಂದಿದ್ದೂ ನಾನೇ. ನಡೀರಿ, ಬಿಸಿಲೇರತ್ತೆ."

ನೀವೇ ಬೇಕು. ಎರಡೇ ಪದ. ಎರ್ಮೆಕ್‌ನ ಎದೆಯಲ್ಲಿ ಬೇಡವೆಂದರೂ ಆಸೆ ಚಿಗುರಿತು. ಅವಳು ಎರಡು ವರ್ಷದ ಹಿಂದೆ ಗಂಡ ಸಮತ್‌ನನ್ನು ಬಿಟ್ಟು ಮಗಳೊಂದಿಗೆ ಊರಿಗೆ ಮರಳಿದ್ದು, ಬಜಾರಿನ ಬಳಿ ಔಷಧಿ ಅಂಗಡಿ ಇಟ್ಟದ್ದು ಅವನಿಗೆ ಗೊತ್ತಿತ್ತು. ಮಂಡಿನೋವಿಗೆ ಮುಲಾಮು ಬೇಕಾದಾಗಲೆಲ್ಲ ಆ ಅಂಗಡಿ ತಪ್ಪಿಸಿ ಊರಿನ ಇನ್ನೊಂದು ತುದಿಗೆ ಹೋಗುತ್ತಿದ್ದ.

ಜುನಿಪರ್ ಪೊದೆಗಳ ಏರು ಶುರುವಾಯಿತು. ಅವಳು ಹಿಂದಿನಿಂದ ಅವನನ್ನು ಅಳೆಯುತ್ತಾ ಬರುತ್ತಿದ್ದಳು.

"ಹೊಟ್ಟೆ ಬಂದಿದೆ ನಿಮಗೆ."

"ಅದು ಜಾಕೆಟ್."

"ಜಾಕೆಟ್ ಏದುಸಿರು ಬಿಡತ್ತಾ?"

ಎರ್ಮೆಕ್ ನಗುತ್ತ ತಿರುಗಿದ. ಅವಳೂ ನಗುತ್ತಿದ್ದಳು. ನಕ್ಕಾಗ ಮೊದಲು ಎಡಗಣ್ಣು ಕಿರಿದಾಗಿ ಆಮೇಲೆ ಬಲಗಣ್ಣು ಅದನ್ನು ಹಿಂಬಾಲಿಸುವುದು ಬದಲಾಗಿರಲಿಲ್ಲ. ಟೋಪಿಯಿಂದ ಜಾರಿದ ಕೂದಲೆಳೆಯೊಂದು ಬೆವರಿಗೆ ಕೆನ್ನೆಗಂಟಿತ್ತು. ಅವಳು ಜೇಬಿನಿಂದ ಒಣಮೊಸರಿನ ಉಪ್ಪುಂಡೆ ತೆಗೆದು ಅವನ ಅಂಗೈಯಲ್ಲಿಟ್ಟಳು. ಬೆರಳು ತಾಗಿತು. ಇಬ್ಬರೂ ಅರಿಯದವರಂತೆ ನಡೆದರು. ಮೇಲೆ ಎಲ್ಲೋ ಮರ್ಮಟ್ ಎಂಬ ಬೆಟ್ಟದ ಅಳಿಲೊಂದು ಸಿಳ್ಳೆ ಹಾಕಿತು.

ಮಧ್ಯಾಹ್ನ ಒಂದು ಗಂಟೆಗೆ ತುದಿ ತಲುಪಿದರು.

ಕೆಳಗೆ ಎರಡು ಸರೋವರ. ಹಿಮನದಿಯ ಬಾಯಲ್ಲಿದ್ದದ್ದು ಹಾಲು ಬೆರೆಸಿದ ಹಸಿರು. ಅದಕ್ಕೂ ಕೆಳಗಿನದು ಗಾಢ ನೀಲಿ. ನಡುವೆ ಬೆಳ್ಳಗೆ ಬೀಳುತ್ತಿದ್ದ ನೀರಿನ ಸದ್ದು ಅಷ್ಟೆತ್ತರಕ್ಕೆ ಕೇಳಿಸುತ್ತಿರಲಿಲ್ಲ. ಐಪೆರಿ ಬಂಡೆಯ ಮೇಲೆ ಕೂತು ಅವನ್ನು ನೋಡಿದಳು.

ಒಂಬತ್ತು ವರ್ಷದ ಹಿಂದಿನ ಒಂದು ಭಾನುವಾರ ಅವರು ಇಲ್ಲಿಗೆ ಬರಬೇಕಿತ್ತು. ಶುಕ್ರವಾರ, ಫಾರ್ಮಸಿ ಕಾಲೇಜಿನಿಂದ ಮನೆಗೆ ಬರುತ್ತಿದ್ದ ಅವಳನ್ನು ಸಮತ್ ಮತ್ತು ಅವನ ಗೆಳೆಯರು ಕಾರಿಗೆ ಎಳೆದು ಹಾಕಿಕೊಂಡು ಹೋದರು. ಹೆಣ್ಣನ್ನು ಹೊತ್ತು ತಂದು ತಲೆಗೆ ಬಿಳಿ ಸ್ಕಾರ್ಫ್ ಕಟ್ಟಿಬಿಟ್ಟರೆ ಮದುವೆ ಆದಂತೆಯೇ ಎನ್ನುವ ಮನೆತನ ಅದು.

ಎರ್ಮೆಕ್ ಥರ್ಮಾಸಿನ ಚಹಾ ಬಗ್ಗಿಸಿಕೊಟ್ಟ.

"ಐಪೆರಿ, ನಾನಿನ್ನೂ ಮದುವೆ ಆಗಿಲ್ಲ. ಯಾಕೆ ಅಂತ ನಿಂಗೊತ್ತು. ನೀನು ಹೂಂ ಅಂದ್ರೆ, ನಿನ್ನ ಮಗಳು ನನ್ನ ಮಗಳೇ."

ಅವಳು ಸರೋವರದಿಂದ ಕಣ್ಣು ತೆಗೆಯಲಿಲ್ಲ.

"ಆ ಶನಿವಾರ ಮಧ್ಯಾಹ್ನ ಸಮತ್ ಮನೆ ಗೇಟಿನ ಹತ್ರ ಬಂದಿದ್ದೆ ಅಲ್ವಾ ನೀನು?"

ಈ ಮಾತನ್ನು ಅವನು ಯಾರಿಗೂ ಹೇಳಿರಲಿಲ್ಲ.

"ಬಂದಿದ್ದೆ," ಎಂದ. "ಗೇಟು ತೆರೆದಿತ್ತು. ನೀನು ಸ್ಕಾರ್ಫ್ ಕಟ್ಕೊಂಡು ಎಲ್ಲರಿಗೂ ಚಹಾ ಕೊಡ್ತಿದ್ದೆ. ಒಪ್ಕೊಂಡ್ಬಿಟ್ಟೆ ಅಂದ್ಕೊಂಡೆ."

"ಅವನಜ್ಜಿ ಹೊಸ್ತಿಲಿಗೆ ಅಡ್ಡ ಮಲಗಿದ್ಲು. ದಾಟಿದ್ರೆ ಶಾಪ ಅಂತ. ಮೂರು ಸಲ ಸ್ಕಾರ್ಫ್ ಕಿತ್ತೆಸೆದಿದ್ದೆ. ನಾಲ್ಕನೇ ಸಲ ಕಟ್ಟಿ ಕೈಗೆ ಕೆಟಲ್ ಕೊಟ್ರು. ಆಗಲೇ ನಿನ್ನ ಬೈಕ್ ಸದ್ದು ಕೇಳಿಸ್ತು. ಆ ಒಡಕು ಸೈಲೆನ್ಸರ್ ನಂಗೆ ಗೊತ್ತಾಗಲ್ವಾ? ಈಗ ನನ್ನ ಹೆಸರು ಕೂಗ್ತಾನೆ, ಕೂಗಿದ ತಕ್ಷಣ ಮುದುಕೀನ ದಾಟ್ಕೊಂಡು ಓಡ್ತೀನಿ, ಶಾಪ ಬಂದ್ರೆ ಬರ್ಲಿ ಅಂತ ಕಾಯ್ತಾ ನಿಂತೆ." ಅವಳು ಚಹಾ ಗುಟುಕರಿಸಿದಳು. "ಬೈಕ್ ತಿರುಗ್ತು."

"ಆಮೇಲೆ?"

"ಆಮೇಲೆ ಸ್ಕಾರ್ಫ್ ಕೀಳಲಿಲ್ಲ."

ಎರ್ಮೆಕ್ ಮುಖ ಮುಚ್ಚಿಕೊಂಡ. "ಬೈಯಿ ನನ್ನ. ಹೊಡಿ ಬೇಕಾದ್ರೆ."

"ಏಳು ವರ್ಷ ಆ ಮನೇಲಿ ಪಾತ್ರೆ ತೊಳೀತಾ ನಿನ್ನ ಬೈದು ಮುಗಿಸಿದೀನಿ, ಕತ್ತೆ. ಇನ್ನೇನೂ ಉಳಿದಿಲ್ಲ."

"ಪ್ರೀತಿನೂ ಉಳಿದಿಲ್ವಾ?"

ಆಗ ಅವಳು ತಿರುಗಿದಳು. ಕಣ್ಣು ತುಂಬಿತ್ತು.

"ಪ್ರೀತಿ ಇದೆ, ಎರ್ಮೆಕ್. ಅದೇ ತೊಂದರೆ. ಇವತ್ತು ನಿನ್ನ ಬೆನ್ನು ನೋಡ್ಕೊಂಡು ಹತ್ತುವಾಗ ಕಾಲಿಗೆ ಏರೇ ಗೊತ್ತಾಗ್ಲಿಲ್ಲ. ಆದ್ರೆ ಮನೆ ಮುಂದೆ ನಿನ್ನ ಗಾಡಿ ನಿಂತಾಗಲೆಲ್ಲ, ಒಳಗೆ ಬರ್ತಾನಾ, ತಿರುಗಿ ಹೋಗ್ತಾನಾ ಅಂತ ಕಿವಿ ಕೊಟ್ಕೊಂಡು ಕೂರೋಕೆ ನನ್ನಿಂದಾಗಲ್ಲ. ನಂಗೊಬ್ಬಳು ಮಗಳಿದಾಳೆ."

"ಹಾಗಾದ್ರೆ ಇಲ್ಲಿಗ್ಯಾಕೆ ಕರ್ಕೊಂಡು ಬಂದೆ?"

"ಇದನ್ನ ನಿನ್ನ ಜೊತೇಲೇ ನೋಡ್ಬೇಕಿತ್ತು. ಇಲ್ದಿದ್ರೆ ಸಾಯೋವರೆಗೂ ಇದು ಆಗಬೇಕಾಗಿದ್ದ ದಿನ ಅಂತಲೇ ಉಳ್ಕೊಳ್ತಿತ್ತು. ಈಗ ಆಗಿಹೋಯ್ತು."

ಮೋಡ ಕವಿಯತೊಡಗಿತು. ಇಳಿಯುವಾಗ ಸಡಿಲ ಕಲ್ಲಿನ ಇಳಿಜಾರಿನಲ್ಲಿ ಅವಳೇ ಅವನ ಕೈ ಹಿಡಿದಳು. ಗಟ್ಟಿಯಾಗಿಯೇ ಹಿಡಿದಿದ್ದಳು. ಇಷ್ಟು ಗಟ್ಟಿ ಹಿಡಿದವಳು ಬಿಡಲಾರಳು ಎಂದು ಅವನು ನಂಬಿದ. ಹುಲ್ಲಿನ ನೆಲ ಸಿಕ್ಕಿದೊಡನೆ ಅವಳು ಕೈ ಬಿಟ್ಟು, ಬೆವರನ್ನು ಪ್ಯಾಂಟಿಗೆ ಒರೆಸಿಕೊಂಡಳು.

ಸೇತುವೆಯ ಬಳಿ ಬೇರೆ ಚಾರಣಿಗರನ್ನು ತುಂಬಿಕೊಂಡ ವ್ಯಾನು ಕಾಯುತ್ತಿತ್ತು. ಐಪೆರಿ ಹತ್ತಿ ಕಿಟಕಿಯ ಪಕ್ಕ ಕೂತಳು. ಡ್ರೈವರ್ ತಲೆ ಹೊರಗೆ ಹಾಕಿ, "ಗೈಡಣ್ಣ, ಹತ್ತು ಬೇಗ! ಇನ್ನೊಬ್ಬರಿಗೆ ಜಾಗ ಇದೆ," ಎಂದು ಕೂಗಿದ.

ಎರ್ಮೆಕ್ ಒಳಗೆ ನೋಡಿದ. ಖಾಲಿಯಿದ್ದದ್ದು ಅವಳ ಪಕ್ಕದ ಸೀಟೊಂದೇ. ಐಪೆರಿ ಅವನ ಕಣ್ಣನ್ನೇ ನೋಡುತ್ತ, ಕಾಲಬಳಿಯಿದ್ದ ಬ್ಯಾಗನ್ನು ನಿಧಾನವಾಗಿ ಎತ್ತಿ ಆ ಸೀಟಿನ ಮೇಲಿಟ್ಟಳು.

"ನೀವು ಹೊರಡಿ," ಎಂದ ಎರ್ಮೆಕ್. "ನಾನು ನಡ್ಕೊಂಡು ಬರ್ತೀನಿ."

ಊರು ಹದಿನೈದು ಕಿಲೋಮೀಟರ್ ಇತ್ತು.